ತಗ್ಗು ಕಾರನ್ನ ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲಿ ಎತ್ತೋದು ಹೇಗೆ? ಹಲಗೆ, ಜ್ಯಾಕ್, ಸ್ಟ್ಯಾಂಡ್: ಒಂದೊಂದೇ ಹೆಜ್ಜೆ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹದಲ್ಲಿ ಕೊಡ್ತಾ ಇದ್ದೀನಿ. ವಿಡಿಯೋದಲ್ಲಿ ಅಳತೆಗಳು ಬೇಗ ಬೇಗ ಹೋಗಿಬಿಡುತ್ತವೆ. ಕಾರಿನ ಪಕ್ಕ ಮಂಡಿಯೂರಿ ಕೂತಾಗ ಫೋನಲ್ಲಿ ತೆಗೆದು ನೋಡ್ಕೊಳ್ಳೋಕೆ ಈ ಬರಹ ಇರಲಿ.

ಪುಣೆಯಲ್ಲೋ ಹೈದರಾಬಾದಲ್ಲೋ ಕೆಲಸ ಮಾಡ್ಕೊಂಡು, ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿಯನ್ನೋ ಹಳೇ ಸಿವಿಕ್ಕನ್ನೋ ಆಕ್ಟೇವಿಯಾವನ್ನೋ ತಗೊಂಡವರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ಗಾಡಿ ಚೆನ್ನಾಗಿದೆ, ಓಡಿಸೋಕೆ ಖುಷಿ. ಆದ್ರೆ ಆಯಿಲ್ ಬದಲಾಯಿಸೋಕೆ, ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ನೋಡೋಕೆ, ಟೈರ್ ಅದಲು ಬದಲು ಮಾಡೋಕೆ ಪ್ರತಿ ಸಲ ಶೋರೂಮಿಗೆ ಹೋಗಬೇಕಾ ಅಂತ ಕೇಳ್ತೀರಿ. ಬೇಡ. ಇವೆಲ್ಲ ಭಾನುವಾರ ಬೆಳಿಗ್ಗೆ ನಾವೇ ಮಾಡಬಹುದಾದ ಕೆಲಸಗಳು. ಅಪಾಯ ಇರೋದು ಆ ಕೆಲಸಗಳಲ್ಲಲ್ಲ, ಅದಕ್ಕೂ ಮುಂಚಿನ ಹತ್ತು ನಿಮಿಷದಲ್ಲಿ, ಅಂದ್ರೆ ಸಾವಿರ ಕಿಲೋಗೂ ಹೆಚ್ಚಿನ ಗಾಡಿಯನ್ನ ನೆಲದಿಂದ ಮೇಲಕ್ಕೆತ್ತಿ ಅಲ್ಲೇ ನಿಲ್ಲಿಸೋದರಲ್ಲಿ. ಸ್ಪ್ಯಾನರ್ ಜಾರಿದ್ರೆ ಬೆರಳಿಗೆ ಗಾಯ ಆಗುತ್ತೆ, ಜ್ಯಾಕ್ ಜಾರಿದ್ರೆ ಜೀವವೇ ಹೋಗುತ್ತೆ. ಅದಕ್ಕೇ ಇವತ್ತು ಬರೀ ಎತ್ತೋದರ ಬಗ್ಗೆ ಮಾತ್ರ.

ತಗ್ಗು ಕಾರಿಗೆ ಯಾಕೆ ಬೇರೆ ಪಾಠ?

ಎತ್ತರದ ಎಸ್‌ಯುವಿಗೆ ಜ್ಯಾಕ್ ತಳ್ಳಿ ಪಂಪ್ ಮಾಡಿದ್ರೆ ಆಯ್ತು. ತಗ್ಗು ಕಾರಲ್ಲಿ ಜ್ಯಾಕೇ ಒಳಗೆ ಹೋಗಲ್ಲ. ಆಗ ಜನ ಏನೇನೋ ಉಪಾಯ ಹುಡುಕ್ತಾರೆ. ಸಿಕ್ಕ ಸಿಕ್ಕ ಜಾಗಕ್ಕೆ ಜ್ಯಾಕ್ ಕೊಡ್ತಾರೆ, ಒಂದು ಕಡೆ ಚಿಕ್ಕ ಜ್ಯಾಕಲ್ಲಿ ಎತ್ತಿ ಇಟ್ಟಿಗೆ ತುರುಕ್ತಾರೆ. ಅನಾಹುತ ಆಗೋದು ಇಂಥ ಉಪಾಯಗಳಿಂದಲೇ.

ಮೊದಲು ಟೇಪ್ ಹಿಡಿದು ಅಳೀರಿ. ಬ್ರೋಷರಲ್ಲಿ ಇರೋ ಗ್ರೌಂಡ್ ಕ್ಲಿಯರೆನ್ಸ್ ನಂಬ್ಕೋಬೇಡಿ. ಹೋಂಡಾ ಸಿಟಿಗೆ 165 ಮಿ.ಮೀ. ಅಂತ ಬರೆದಿರುತ್ತೆ, ಆದ್ರೆ ಅದು ನೀವು ಜ್ಯಾಕ್ ಇಡೋ ಜಾಗದ ಎತ್ತರ ಅಲ್ಲ, ಮುಂದಿನ ಬಂಪರಿನ ಕೆಳ ಅಂಚಿನ ಎತ್ತರವೂ ಅಲ್ಲ. ನಮಗೆ ಬೇಕಾಗಿರೋದು ಮೂರು ಅಳತೆ. ಜ್ಯಾಕ್ ಇಡೋ ಜಾಗ ನೆಲದಿಂದ ಎಷ್ಟು ಎತ್ತರ ಇದೆ, ಅಲ್ಲಿಗೆ ಹೋಗೋ ದಾರಿಯಲ್ಲಿರೋ ಬಂಪರ್ ಅಥವಾ ಸೈಡ್ ಸ್ಕರ್ಟ್ ಎಷ್ಟು ಎತ್ತರ ಇದೆ, ನಿಮ್ಮ ಜ್ಯಾಕ್ ಪೂರ್ತಿ ಇಳಿದಾಗ ಎಷ್ಟು ಎತ್ತರ ಇರುತ್ತೆ.

ಮೂರನೆಯದರಲ್ಲಿ ಒಂದು ಸೂಕ್ಷ್ಮ ಇದೆ. ಟ್ರಾಲಿ ಜ್ಯಾಕಿನ ಪೆಟ್ಟಿಗೆ ಮೇಲೆ ಬರೆದಿರೋದು ಮುಂತುದಿಯ ತಟ್ಟೆಯ ಎತ್ತರ. ಸಾಮಾನ್ಯ 2 ಟನ್ ಟ್ರಾಲಿ ಜ್ಯಾಕಿಗೆ ಅದು 130ರಿಂದ 140 ಮಿ.ಮೀ. ಇರುತ್ತೆ. ಲೋ ಪ್ರೊಫೈಲ್ ಅಂತ ಮಾರೋದರಲ್ಲಿ 75ರಿಂದ 90 ಮಿ.ಮೀ. ಆದ್ರೆ ಹಿಡಿಕೆ ಸೇರೋ ಕಡೆ ಜ್ಯಾಕಿನ ಮೈ ಇನ್ನೂ ಎತ್ತರ ಇರುತ್ತೆ. ತಟ್ಟೆ ಒಳಗೆ ಹೋಗಿ, ಮೈ ಬಂಪರಿಗೆ ತಾಗಿ ನಿಂತ್ರೆ ಪ್ರಯೋಜನ ಇಲ್ಲ. ಅಂಗಡಿಯಲ್ಲಿ ತಗೊಳ್ಳುವಾಗಲೇ ತುದಿಯಿಂದ ಹಿಡಿಕೆವರೆಗೂ ಅಳೀರಿ. ಬಂಪರ್ ಕೆಳಗೆ ಹಿಡಿಕೆ ಮೇಲೆ ಕೆಳಗೆ ಆಡೋಕೆ ಜಾಗ ಸಿಗುತ್ತಾ ಅಂತಲೂ ಯೋಚನೆ ಮಾಡಿ.

ಯಾವ ಜ್ಯಾಕ್ ಯಾವುದಕ್ಕೆ?

ಕಾರಿನ ಜೊತೆ ಬರೋ ಸಿಜರ್ ಜ್ಯಾಕ್ ಸ್ಟೆಪ್ನಿ ಹಾಕೋಕೆ ಮಾತ್ರ. ಅದರ ಪಾದ ಚಿಕ್ಕದು, ಪಕ್ಕದಿಂದ ತಳ್ಳಿದ್ರೆ ವಾಲುತ್ತೆ. ಪೂರ್ತಿ ಮಡಚಿದ ಸ್ಥಿತಿಯಲ್ಲಿ ಅದರ ಕೈಗಳು ಹೆಚ್ಚು ಕಡಿಮೆ ಮಲಗಿರುತ್ತವೆ, ಆಗ ತಿರುಗಿಸೋಕೆ ಅತಿ ಹೆಚ್ಚು ಬಲ ಬೇಕು. ತಗ್ಗು ಕಾರಲ್ಲಿ ನಾವು ಶುರು ಮಾಡೋದೇ ಆ ಸ್ಥಿತಿಯಿಂದ. ಮೇಲೆ ಹೋದ ಹಾಗೆ ಹಗುರ ಆಗುತ್ತೆ, ಆದ್ರೆ ಅಷ್ಟೇ ಅಲುಗಾಡುತ್ತೆ.

ಬಾಟಲ್ ಜ್ಯಾಕ್ ಲಾರಿಗೆ, ಜೀಪಿಗೆ ಸರಿ. ಅದು ಪೂರ್ತಿ ಇಳಿದಾಗಲೂ 150 ಮಿ.ಮೀ.ಗಿಂತ ಹೆಚ್ಚಿರೋದೇ ಸಾಮಾನ್ಯ. ಮೇಲಿನ ತಲೆ ಚಿಕ್ಕದು, ಬುಡವೂ ಚಿಕ್ಕದು. ತಗ್ಗು ಸೆಡಾನಿಗೆ ಬೇಡ.

ಮನೆ ಕೆಲಸಕ್ಕೆ ಟ್ರಾಲಿ ಜ್ಯಾಕ್ ತಗೊಳ್ಳಿ. 2 ಟನ್ ಸಾಕಾ ಅಂತ ಕೇಳ್ತೀರಿ. ಲೆಕ್ಕ ಹಾಕೋಣ. ಕಾರು 1,200 ಕಿಲೋ ಅಂದ್ಕೊಳ್ಳಿ. ಇಂಜಿನ್ ಮುಂದೆ ಇರೋದರಿಂದ ಸುಮಾರು 60 ಭಾಗ ತೂಕ ಮುಂದೆ, ಅಂದ್ರೆ 720 ಕಿಲೋ. ಮುಂದಿನ ಎರಡೂ ಚಕ್ರ ಒಟ್ಟಿಗೆ ಎತ್ತಿದ್ರೂ 1 ಟನ್ ದಾಟಲ್ಲ. ಹಾಗಾಗಿ ಬಲ ಸಾಕು. ಕಾರು ಬೀಳೋದು ಸಾಮಾನ್ಯವಾಗಿ ಬಲ ಸಾಲದೆ ಅಲ್ಲ, ಜಾರಿ ಬೀಳುತ್ತೆ.

ಜ್ಯಾಕ್ ಎತ್ತುತ್ತೆ, ಹಿಡಿದಿಡಲ್ಲ

ಹೈಡ್ರಾಲಿಕ್ ಜ್ಯಾಕ್ ಕೆಲಸ ಮಾಡೋದು ನಾವು ಹೈಸ್ಕೂಲಲ್ಲಿ ಓದಿದ ಪ್ಯಾಸ್ಕಲ್ ನಿಯಮದ ಮೇಲೆ. ಚಿಕ್ಕ ಪಿಸ್ಟನ್ ಮೇಲೆ ನೀವು ಹಾಕೋ ಒತ್ತಡ ಎಣ್ಣೆ ಮೂಲಕ ದೊಡ್ಡ ಪಿಸ್ಟನ್ನಿಗೆ ಹೋಗುತ್ತೆ. ಆ ಎಣ್ಣೆಯನ್ನ ಒಳಗೆ ಹಿಡಿದಿಟ್ಟಿರೋದು ಒಂದೆರಡು ರಬ್ಬರ್ ಸೀಲು ಮತ್ತು ಒಂದು ಚಿಕ್ಕ ವಾಲ್ವು. ಸೀಲ್ ಸವೆದಿದ್ರೆ, ವಾಲ್ವಿನಲ್ಲಿ ಒಂದು ಕಸದ ಕಣ ಕೂತ್ರೆ, ಕಾರು ಮೆಲ್ಲಗೆ ಇಳಿಯುತ್ತೆ. ಕೆಲವು ಸಲ ಒಮ್ಮೆಲೇ ಇಳಿಯುತ್ತೆ.

ಅದಕ್ಕೆ ಒಂದು ನಿಯಮ, ಇದನ್ನ ಯಾವ ಕಾರಣಕ್ಕೂ ಸಡಿಲ ಮಾಡ್ಕೋಬೇಡಿ: ಬರೀ ಜ್ಯಾಕ್ ಮೇಲೆ ನಿಂತಿರೋ ಕಾರಿನ ಕೆಳಗೆ ತಲೆ, ಎದೆ, ಕಾಲು ಯಾವುದೂ ಹೋಗಬಾರದು. 'ಒಂದೇ ನಿಮಿಷ, ಒಂದು ಬೋಲ್ಟ್ ಬಿದ್ದಿದೆ ತಗೋತೀನಿ' ಅಂದ್ರೂ ಇಲ್ಲ. ಕಾರನ್ನ ಹಿಡಿದಿಡೋದು ಜ್ಯಾಕ್ ಸ್ಟ್ಯಾಂಡಿನ ಕೆಲಸ. ಅದರಲ್ಲಿ ಎಣ್ಣೆ ಇಲ್ಲ, ಸೀಲ್ ಇಲ್ಲ, ಕಬ್ಬಿಣದ ಮೇಲೆ ಕಬ್ಬಿಣ ಕೂತಿರುತ್ತೆ.

ಸ್ಟ್ಯಾಂಡಲ್ಲೂ ಎರಡು ಬಗೆ. ಹಲ್ಲಿನ ರ‍್ಯಾಚೆಟ್ ಇರೋದು, ತೂತಿಗೆ ಪಿನ್ ಹಾಕೋದು. ರ‍್ಯಾಚೆಟ್ ಇರೋದನ್ನ ತಗೊಂಡ್ರೆ ಹಲ್ಲು ಪೂರ್ತಿ ಕಚ್ಚಿದೆಯಾ ಅಂತ ಕಣ್ಣಲ್ಲಿ ನೋಡಿ, ಲಾಕ್ ಪಿನ್ ಕೊಟ್ಟಿದ್ರೆ ಅದನ್ನೂ ಹಾಕಿ. ಇದು ಅತಿ ಎಚ್ಚರಿಕೆ ಅಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೇಟ್ ಅನ್ನೋ ಟೂಲ್ ಅಂಗಡಿಗಳ ಸರಪಳಿ, ತಾನು ಮಾರಿದ್ದ 3 ಟನ್ ಮತ್ತು 6 ಟನ್ ಸ್ಟ್ಯಾಂಡ್‌ಗಳನ್ನ ಲಕ್ಷಗಟ್ಟಲೆ ವಾಪಸ್ ಕರೆಸ್ಕೊಳ್ತು. ಹಲ್ಲು ಸರಿಯಾಗಿ ಕಚ್ಚದೆ ಭಾರ ಇದ್ದಾಗಲೇ ಕುಸಿಯೋ ಸಾಧ್ಯತೆ ಇತ್ತು. ಬದಲಿಗೆ ಕೊಟ್ಟ ಸ್ಟ್ಯಾಂಡ್‌ಗಳಲ್ಲಿ ಕೆಲವಕ್ಕೆ ವೆಲ್ಡಿಂಗ್ ದೋಷ ಅಂತ ಅದೇ ವರ್ಷ ಮತ್ತೊಂದು ಸಲ ಕರೆಸಬೇಕಾಯ್ತು. ಸ್ಟ್ಯಾಂಡ್ ತಗೊಳ್ಳುವಾಗ ಪೆಟ್ಟಿಗೆ ಮೇಲಿನ ಟನ್ ಒಂದಕ್ಕೋ ಜೋಡಿಗೋ ಅಂತ ಓದಿ, ವೆಲ್ಡಿಂಗ್ ಅಂಚುಗಳನ್ನ ಕೈಯಾಡಿಸಿ ನೋಡಿ. ಅತಿ ಕಡಿಮೆ ಎತ್ತರ ಎಷ್ಟು ಅಂತಲೂ ನೋಡಿ. ತಗ್ಗು ಕಾರಿಗೆ ಎತ್ತರದ ಸ್ಟ್ಯಾಂಡ್ ತಂದ್ರೆ ಅನಗತ್ಯವಾಗಿ ಜಾಸ್ತಿ ಎತ್ತಬೇಕಾಗುತ್ತೆ.

ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ. ಇವು ನೇರ ಭಾರ ಹೊರುತ್ತವೆ ನಿಜ, ಆದ್ರೆ ಭಾರ ಒಂದು ಮೂಲೆಗೆ ಬಿದ್ದ ತಕ್ಷಣ ಯಾವ ಸೂಚನೆಯೂ ಇಲ್ಲದೆ ಒಡೀತವೆ. ಮರ ಹಾಗಲ್ಲ. ಅದು ಮೊದಲು ಅದುಮಿಕೊಳ್ಳುತ್ತೆ, ಕಿರ್ ಅನ್ನುತ್ತೆ, ಸೀಳುತ್ತೆ. ನಿಮಗೆ ಗೊತ್ತಾಗೋಕೆ ಸಮಯ ಕೊಡುತ್ತೆ.

ನೆಲ ನೋಡಿ

ಬೇಸ್‌ಮೆಂಟ್ ಕಾಂಕ್ರೀಟ್ ನೆಲ ಒಳ್ಳೇದು, ಆದ್ರೆ ಅದು ಸಪಾಟಾಗಿ ಇರಲ್ಲ. ನೀರು ಚರಂಡಿ ಕಡೆ ಹರೀಲಿ ಅಂತ ಇಳಿಜಾರು ಕೊಟ್ಟಿರ್ತಾರೆ. 20 ಅಡಿಗೆ 1 ಅಡಿ ಇಳಿಜಾರು ಕಣ್ಣಿಗೆ ಕಾಣೋದೇ ಕಷ್ಟ, ಆದ್ರೆ 1,200 ಕಿಲೋ ಕಾರನ್ನ ಅದು 60 ಕಿಲೋ ಬಲದಷ್ಟು ಕೆಳಗೆ ಎಳೀತಾ ಇರುತ್ತೆ. ಒಂದು ಗೋಲಿ ಅಥವಾ ಚೆಂಡು ನೆಲಕ್ಕಿಡಿ. ಉರುಳಿದ್ರೆ ಬೇರೆ ಜಾಗ ಹುಡುಕಿ.

ಇಂಟರ್‌ಲಾಕ್ ಪೇವರ್ ಹಾಕಿದ ಕಡೆ ಇನ್ನೊಂದು ತೊಂದರೆ. ಟ್ರಾಲಿ ಜ್ಯಾಕಿನ ತೋಳು ಮೇಲೇಳುವಾಗ ನೇರ ಏಳಲ್ಲ, ಕಮಾನಿನ ಹಾಗೆ ಏಳುತ್ತೆ. ತಟ್ಟೆ ಸ್ವಲ್ಪ ಸ್ವಲ್ಪವೇ ಹಿಡಿಕೆ ಕಡೆಗೆ ಬರುತ್ತೆ. ಕಾರು ಅಲ್ಲೇ ನಿಂತಿರೋದರಿಂದ ಜ್ಯಾಕ್ ಕಾರಿನ ಕೆಳಗೆ ಉರುಳಿ ಹೋಗಬೇಕು. ಅದಕ್ಕೇ ಅದಕ್ಕೆ ಚಕ್ರ ಇಟ್ಟಿರೋದು. ಪೇವರಿನ ಸಂದಿಯಲ್ಲಿ ಆ ಚಕ್ರ ಸಿಕ್ಕಿಹಾಕ್ಕೊಂಡ್ರೆ, ಜ್ಯಾಕ್ ಉರುಳಲ್ಲ, ತಟ್ಟೆ ಜಾಗ ಬಿಟ್ಟು ಜಾರುತ್ತೆ. ಆದ್ದರಿಂದ ಜ್ಯಾಕಿನ ಚಕ್ರಕ್ಕೆ ಯಾವತ್ತೂ ಅಡ್ಡ ಇಡಬೇಡಿ. ಪೇವರ್ ಇದ್ರೆ ಜ್ಯಾಕಿಗಿಂತ ಉದ್ದದ 18 ಮಿ.ಮೀ. ಪ್ಲೈವುಡ್ ಹಾಸಿ, ಅದರ ಮೇಲೆ ಉರುಳಲಿ. ಸ್ಟ್ಯಾಂಡ್ ಕಾಲುಗಳ ಕೆಳಗೂ ಪ್ಲೈವುಡ್ ಇರಲಿ. ಪ್ಲೈವುಡ್ಡಿಂದ ಜ್ಯಾಕ್ 18 ಮಿ.ಮೀ. ಮೇಲೇಳುತ್ತೆ, ಅದನ್ನ ಅಳತೆಗೆ ಸೇರಿಸ್ಕೊಳ್ಳಿ.

ಮುಂಬೈ, ಪುಣೆ ಕಡೆಯ ಸ್ಟ್ಯಾಕ್ ಪಾರ್ಕಿಂಗ್ ತಟ್ಟೆಯ ಮೇಲೆ ಈ ಕೆಲಸ ಖಂಡಿತ ಬೇಡ. ಮಣ್ಣು ನೆಲ, ಬಿಸಿಲಿಗೆ ಮೆತ್ತಗಾದ ಡಾಂಬರು ಕೂಡ ಬೇಡ. ಸೊಸೈಟಿಯವರಿಗೆ ಮೊದಲೇ ಒಂದು ಮಾತು ಹೇಳಿ, ಅರ್ಧ ಕೆಲಸದಲ್ಲಿ ವಾಚ್‌ಮನ್ ಬಂದು ಗಾಡಿ ತೆಗೀರಿ ಅಂದ್ರೆ ಅವಸರ ಆಗುತ್ತೆ. ಅವಸರವೇ ಶತ್ರು.

ಹಲಗೆ ಉಪಾಯ

ಜ್ಯಾಕ್ ಒಳಗೆ ಹೋಗದಿದ್ರೆ ಮೊದಲು ಕಾರನ್ನ ಸ್ವಲ್ಪ ಎತ್ತರಿಸ್ಕೊಳ್ಳಿ. ಒಂದೂವರೆ ಇಂಚು, ಅಂದ್ರೆ 38 ಮಿ.ಮೀ. ದಪ್ಪದ ಗಟ್ಟಿ ಮರದ ಎರಡು ಹಲಗೆ ಸಾಕು. ಟೈರಿಗಿಂತ ಅಗಲ ಇರಬೇಕು, ಎರಡು ಅಡಿ ಉದ್ದ ಇರಬೇಕು. ಹತ್ತೋ ಕಡೆಯ ಅಂಚನ್ನ ಬಡಗಿಯ ಹತ್ತಿರ ಓರೆಯಾಗಿ ಕತ್ತರಿಸಿಕೊಂಡ್ರೆ ಟೈರ್ ನಯವಾಗಿ ಹತ್ತುತ್ತೆ. ಎರಡು ಹಲಗೆಯನ್ನೂ ಮುಂದಿನ ಟೈರುಗಳ ಮುಂದೆ ಒಂದೇ ಸಾಲಲ್ಲಿಟ್ಟು, ಇನ್ನೊಬ್ಬರು ಪಕ್ಕಕ್ಕೆ ನಿಂತು ನೋಡ್ತಾ ಇದ್ದಾಗ, ಮೆಲ್ಲಗೆ ಹತ್ತಿಸಿ. ಕಾರಿನ ನೇರ ಮುಂದೆ ಯಾರೂ ನಿಲ್ಲಬಾರದು. 140 ಮಿ.ಮೀ. ಜ್ಯಾಕಿಗೆ 125 ಮಿ.ಮೀ. ಜಾಗ ಇದ್ದದ್ದು ಈಗ ಸುಮಾರು 160 ಆಯ್ತು.

ಇಲ್ಲಿ ಒಂದು ಮುಖ್ಯ ಮಾತು. ಕಾರು ಮೇಲಿದ್ದಾಗ ಆ ಹಲಗೆಗಳನ್ನ ತೆಗೆದಿಟ್ರೆ, ಇಳಿಸೋ ಮುಂಚೆ ಮತ್ತೆ ಟೈರ್ ಕೆಳಗೆ ಇಡಲೇಬೇಕು. ಮರೆತ್ರೆ ಕಾರು ನೆಲಕ್ಕೇ ಇಳಿಯುತ್ತೆ, ಬಂಪರ್ ಜ್ಯಾಕಿನ ಮೈ ಮೇಲೆ ಕೂರುತ್ತೆ, ಜ್ಯಾಕ್ ಹೊರಗೆ ಬರೋದೇ ಇಲ್ಲ.

ಪಂಕ್ಚರ್ ಆದಾಗಲೂ ಇದೇ ಹಲಗೆ ಕಾಪಾಡುತ್ತೆ. 185/55 ಅಂತ ಟೈರ್ ಮೇಲೆ ಬರೆದಿದ್ರೆ, ಪಕ್ಕದ ಗೋಡೆಯ ಎತ್ತರ 185ರಲ್ಲಿ 55 ಪರ್ಸೆಂಟ್, ಸುಮಾರು 102 ಮಿ.ಮೀ. ಗಾಳಿ ಹೋದಾಗ ಅದರಲ್ಲಿ ಹೆಚ್ಚಿನ ಪಾಲು ಕುಸಿದು, ಆ ಮೂಲೆ ನೆಲಕ್ಕೆ ಹತ್ತಿರ ಬಂದಿರುತ್ತೆ. ಊರಿಗೆ ಹೋಗುವಾಗ ಪುಣೆ–ಬೆಳಗಾವಿ ಹೈವೇಯಲ್ಲಿ ರಾತ್ರಿ ಹೊತ್ತು ಹೀಗಾದ್ರೆ, ಕಾರಿನದೇ ಜ್ಯಾಕ್ ಕೂಡ ಒಳಗೆ ಹೋಗದೇ ಇರಬಹುದು. ಡಿಕ್ಕಿಯಲ್ಲಿ ಒಂದು ಹಲಗೆ ಇದ್ರೆ, ಸಪಾಟಾದ ಜಾಗದಲ್ಲಿ ನಿಲ್ಲಿಸಿ, ಪಂಕ್ಚರ್ ಆದ ಚಕ್ರವನ್ನ ಅದರ ಮೇಲೆ ಒಂದು ಅಡಿ ಹತ್ತಿಸಿ ನಿಲ್ಲಿಸಿ, ಆಮೇಲೆ ಜ್ಯಾಕ್ ಇಡಿ. ರಸ್ತೆ ಬದಿ ಅಂದ ಮೇಲೆ ಹಜಾರ್ಡ್ ಲೈಟು, ತ್ರಿಕೋನ ಫಲಕ, ಮನೆಯವರು ಕಾರಿಂದ ಇಳಿದು ರಸ್ತೆಯಿಂದ ದೂರ. ಪಂಕ್ಚರ್ ಆಗಿರೋದು ಗಾಡಿಗಳು ಓಡಾಡೋ ಕಡೆಯ ಚಕ್ರ ಆದ್ರೆ, ರಿಮ್ ಹಾಳಾದ್ರೂ ಚಿಂತೆ ಇಲ್ಲ, ಮೆಲ್ಲಗೆ ಮುಂದೆ ಸುರಕ್ಷಿತ ಜಾಗಕ್ಕೆ ಹೋಗಿ.

ಚಕ್ರಕ್ಕೆ ಕಲ್ಲು ಯಾಕೆ ಕೊಡಬೇಕು?

'ಹ್ಯಾಂಡ್‌ಬ್ರೇಕ್ ಹಾಕಿದೀನಲ್ಲ, ಗೇರಲ್ಲೂ ಇದೆ' ಅಂತೀರಿ. ಕೇಳಿ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನ ಮಾತ್ರ. ಹಿಂದಿನ ಎರಡೂ ಎತ್ತಿದ್ರೆ ಅದು ಗಾಳಿಯಲ್ಲಿ ಹಿಡಿದ ಹಾಗೆ. ನಮ್ಮ ಸೆಡಾನುಗಳಲ್ಲಿ ಹೆಚ್ಚಿನವು ಫ್ರಂಟ್ ವೀಲ್ ಡ್ರೈವ್, ಗೇರ್ ಹಿಡಿಯೋದು ಮುಂದಿನ ಚಕ್ರಗಳನ್ನ. ಆದ್ರೆ ಮುಂದಿನ ಒಂದೇ ಚಕ್ರ ಎತ್ತಿದ್ರೂ ಸಾಕು, ಗೇರಾಗಲಿ ಆಟೋಮ್ಯಾಟಿಕ್ಕಿನ ಪಾರ್ಕ್ ಆಗಲಿ ಕೆಲಸಕ್ಕೆ ಬರಲ್ಲ. ಮಧ್ಯೆ ಡಿಫರೆನ್ಷಿಯಲ್ ಇದೆಯಲ್ಲ, ನೆಲದ ಮೇಲಿರೋ ಚಕ್ರ ಮುಂದಕ್ಕೆ ಉರುಳಿದ್ರೆ ಗಾಳಿಯಲ್ಲಿರೋದು ಹಿಂದಕ್ಕೆ ತಿರುಗಿ ಲೆಕ್ಕ ಸರಿ ಮಾಡುತ್ತೆ. ಬಿಎಂಡಬ್ಲ್ಯು 3 ಸೀರೀಸ್ ತರಹದ ರಿಯರ್ ವೀಲ್ ಡ್ರೈವ್ ಕಾರಲ್ಲಿ ಹಿಂದಿನ ಎರಡು ಚಕ್ರ ಎತ್ತಿದ್ರೆ ಹ್ಯಾಂಡ್‌ಬ್ರೇಕೂ ಹೋಯ್ತು, ಗೇರೂ ಹೋಯ್ತು.

ಅದಕ್ಕೇ ಲಾರಿ ಕ್ಲೀನರುಗಳು ಇಳಿದ ತಕ್ಷಣ ಚಕ್ರಕ್ಕೆ ಕಲ್ಲು ಕೊಡೋದು. ನಾವು ಮೂಲೆ ಓರೆಯಾಗಿ ಕೊಯ್ದ ಮರದ ತುಂಡೋ, ರಬ್ಬರ್ ಚೋಕೋ ಇಡೋಣ. ನೆಲದ ಮೇಲೇ ಉಳಿಯೋ ಚಕ್ರಗಳಿಗೆ, ಹಿಂದೆ ಒಂದು, ಮುಂದೆ ಒಂದು.

ಜ್ಯಾಕ್ ಎಲ್ಲಿ ಇಡಬೇಕು, ಸ್ಟ್ಯಾಂಡ್ ಎಲ್ಲಿ?

ಬಾಗಿಲ ಕೆಳಗೆ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ಕೆಳಗೆ ಬಗ್ಗಿ ನೋಡಿದ್ರೆ ತಗಡಿನ ಒಂದು ಅಂಚು ಕಾಣುತ್ತೆ. ಎರಡು ಮೂರು ತಗಡು ಸೇರಿಸಿ ಸ್ಪಾಟ್ ವೆಲ್ಡ್ ಮಾಡಿದ ಪಟ್ಟಿ ಅದು. ತಯಾರಕರು ಬಲಪಡಿಸಿದ ಜಾಗದಲ್ಲಿ ಎರಡು ಕಚ್ಚು ಅಥವಾ ಒಂದು ಗುರುತು ಇರುತ್ತೆ. ಆ ಎರಡು ಗುರುತಿನ ಮಧ್ಯೆಯೇ ಭಾರ ಬೀಳಬೇಕು. ಆ ಪಟ್ಟಿ ನೇರ ಭಾರ ತಡೆಯುತ್ತೆ, ಪಕ್ಕದ ಒತ್ತಡಕ್ಕೆ ಮಡಚಿಕೊಳ್ಳುತ್ತೆ. ಮಧ್ಯೆ ಸೀಳು ಇರೋ ರಬ್ಬರ್ ಪ್ಯಾಡ್ ಸಿಗುತ್ತೆ, ಅದನ್ನ ಜ್ಯಾಕ್ ತಟ್ಟೆ ಮೇಲಿಟ್ರೆ ಪಟ್ಟಿ ಸೀಳೊಳಗೆ ಕೂತು, ಭಾರ ಅಕ್ಕಪಕ್ಕಕ್ಕೆ ಹಂಚುತ್ತೆ. ಪ್ಲಾಸ್ಟಿಕ್ ಸ್ಕರ್ಟ್, ಇಂಜಿನ್ ಆಯಿಲ್ ಪ್ಯಾನ್, ಗೇರ್‌ಬಾಕ್ಸ್, ಬರೀ ತಗಡಿನ ನೆಲ, ಇವಕ್ಕೆ ಜ್ಯಾಕ್ ತಾಗಲೇಬಾರದು. ಎಲೆಕ್ಟ್ರಿಕ್ ಕಾರಿದ್ರೆ ನೆಲದ ತುಂಬ ಬ್ಯಾಟರಿ ಇರುತ್ತೆ, ಗುರುತು ಮಾಡಿದ ಜಾಗ ಬಿಟ್ಟು ಒಂದಿಂಚು ಆಚೆ ಈಚೆ ಬೇಡ.

ಈಗ ಎಲ್ಲರೂ ಕೇಳೋ ಪ್ರಶ್ನೆ: ಆ ಜಾಗದಲ್ಲಿ ಜ್ಯಾಕೇ ಕೂತಿದ್ರೆ ಸ್ಟ್ಯಾಂಡ್ ಎಲ್ಲಿ ಇಡೋದು? ಉತ್ತರ, ಜ್ಯಾಕಿಗೆ ಬೇರೆ ಜಾಗ ಕೊಡಿ. ಮುಂದೆ ಎತ್ತುವಾಗ ಮಧ್ಯದ ಕ್ರಾಸ್‌ಮೆಂಬರಿಗೆ ಜ್ಯಾಕ್ ಕೊಟ್ಟು, ಎರಡೂ ಪಕ್ಕದ ಗುರುತಿನ ಜಾಗಕ್ಕೆ ಸ್ಟ್ಯಾಂಡ್ ಕೊಡಬಹುದು. ಆದ್ರೆ ಯಾವ ತೊಲೆ ಜ್ಯಾಕ್ ತಡೆಯುತ್ತೆ ಅನ್ನೋದು ಕಾರಿಂದ ಕಾರಿಗೆ ಬೇರೆ. ಓನರ್ ಮ್ಯಾನ್ಯುಯಲ್ ಅಥವಾ ಸರ್ವಿಸ್ ಮ್ಯಾನ್ಯುಯಲ್ ಚಿತ್ರದಲ್ಲಿ ತೋರಿಸಿದ್ರೆ ಮಾತ್ರ ಮಾಡಿ. ಹಿಂದಿನ ಟಾರ್ಷನ್ ಬೀಮಿಗೆ ಜ್ಯಾಕ್ ಕೊಡಬೇಡಿ ಅಂತ ಅನೇಕ ಮ್ಯಾನ್ಯುಯಲ್‌ಗಳು ಹೇಳುತ್ತವೆ. ನಿಮ್ಮ ಕಾರಿಗೆ ಮಧ್ಯದ ಜಾಗ ತೋರಿಸಿಲ್ಲ ಅಂದ್ರೆ, ಕೆಳಗೆ ನುಗ್ಗೋ ಕೆಲಸವನ್ನ ಲಿಫ್ಟ್ ಇರೋ ಗ್ಯಾರೇಜಿಗೆ ಬಿಡಿ. ಚಕ್ರ ಬಿಚ್ಚೋ ಕೆಲಸವನ್ನ ಪಕ್ಕದಲ್ಲಿ ಕೂತೇ ಮಾಡಬಹುದು, ಟೈರ್, ಬ್ರೇಕ್ ಪ್ಯಾಡ್, ವೀಲ್ ಆರ್ಚ್ ತೊಳೆಯೋದು ಎಲ್ಲ.

ಎತ್ತೋ ಕ್ರಮ

1. ಸಪಾಟು ಜಾಗ, ಹ್ಯಾಂಡ್‌ಬ್ರೇಕ್, ಗೇರ್, ಚಕ್ರಕ್ಕೆ ಮರದ ತುಂಡು. ಕಾರೊಳಗೆ ಯಾರೂ ಇರಬಾರದು. ಮಕ್ಕಳು, ನಾಯಿ ಹತ್ತಿರ ಬರದ ಹಾಗೆ ಒಬ್ಬರು ನೋಡ್ಕೊಳ್ಳಲಿ.

2. ಚಕ್ರ ಬಿಚ್ಚೋದಿದ್ರೆ ನಟ್‌ಗಳನ್ನ ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಪಾನಾ ಹಿಡಿದು ಎಳೆದ್ರೆ ಕಾರೇ ಅಲುಗುತ್ತೆ.

3. ತಟ್ಟೆ ತಾಗೋವರೆಗೂ ಪಂಪ್ ಮಾಡಿ ನಿಲ್ಲಿಸಿ, ಬಗ್ಗಿ ನೋಡಿ. ಎರಡು ಇಂಚು ಎತ್ತಿ ಮತ್ತೆ ನೋಡಿ. ತಟ್ಟೆ ಸರಿದಿದ್ರೆ ಇಳಿಸಿ ಮೊದಲಿಂದ ಶುರು ಮಾಡಿ.

4. ಬಾಡಿ ಮೇಲೆದ್ರೂ ಚಕ್ರ ತಕ್ಷಣ ಏಳಲ್ಲ, ಸ್ಪ್ರಿಂಗ್ ಬಿಚ್ಚಿಕೊಂಡು ಚಕ್ರ ಕೆಳಗೇ ಇರುತ್ತೆ. ಗಾಬರಿ ಬೇಡ. ಬೇಕಾದಷ್ಟೇ ಎತ್ತಿ.

5. ಎರಡು ಸ್ಟ್ಯಾಂಡನ್ನೂ ಒಂದೇ ಹಲ್ಲಿನ ಎತ್ತರಕ್ಕೆ ಹಾಕಿ, ಕೈಯನ್ನ ಹೊರಗಿಂದಲೇ ಚಾಚಿ ಜಾಗದಲ್ಲಿಡಿ. ವಾಲ್ವನ್ನ ಕೂದಲೆಳೆಯಷ್ಟು ತಿರುಗಿಸಿ ಕಾರನ್ನ ಸ್ಟ್ಯಾಂಡ್ ಮೇಲೆ ಕೂರಿಸಿ. ಆಮೇಲೆ ಜ್ಯಾಕನ್ನ ತೆಗೀಬೇಡಿ, ಸುಮ್ಮನೆ ತಾಗೋ ಹಾಗೆ ಎತ್ತಿ ಅಲ್ಲೇ ಬಿಡಿ.

6. ಬಿಚ್ಚಿದ ಚಕ್ರವನ್ನ ಬಾಗಿಲ ಕೆಳಗೆ ಮಲಗಿಸಿ. ಎಲ್ಲ ಕೈಕೊಟ್ರೂ ಕಾರು ಅದರ ಮೇಲೆ ಬೀಳುತ್ತೆ, ನಿಮ್ಮ ಮೇಲಲ್ಲ.

7. ಕೆಳಗೆ ಹೋಗೋ ಮುಂಚೆ ಫೆಂಡರ್ ಹಿಡಿದು ಅಕ್ಕಪಕ್ಕ, ಹಿಂದೆ ಮುಂದೆ ತಳ್ಳಿ ನೋಡಿ. ಬೀಳೋದಾದ್ರೆ ನೀವು ಹೊರಗಿರುವಾಗಲೇ ಬೀಳಲಿ.

ಇಳಿಸುವಾಗ ಕೆಳಗಿನ ಟೂಲು, ಟ್ರೇ, ಬಟ್ಟೆ ಎಲ್ಲ ತೆಗೆದು, ಹಲಗೆ ಜಾಗದಲ್ಲಿಟ್ಟು, ಸ್ವಲ್ಪ ಎತ್ತಿ ಸ್ಟ್ಯಾಂಡ್ ತೆಗೆದು, ನಿಧಾನ ಇಳಿಸಿ. ನಟ್‌ಗಳ ಕೊನೆಯ ಬಿಗಿ ಚಕ್ರ ಕೆಳಗೆ ಕೂತ ಮೇಲೆ, ನಕ್ಷತ್ರದ ಆಕಾರದಲ್ಲಿ ಎದುರು ಬದುರು. ಹೋಂಡಾ ಸಿಟಿಗೆ 108 ನ್ಯೂಟನ್ ಮೀಟರ್, ಸ್ಕೋಡಾ, ಫೋಕ್ಸ್‌ವ್ಯಾಗನ್ ಸೆಡಾನುಗಳಿಗೆ 120. ಟಾರ್ಕ್ ರೆಂಚ್ ಇದ್ರೆ ಒಳ್ಳೇದು. ಸ್ವಲ್ಪ ದೂರ ಓಡಿಸಿ ಇನ್ನೊಮ್ಮೆ ನೋಡಿ.

ಕೊನೆಗೊಂದು ಮಾತು

ಬೇರೆ ಊರಲ್ಲಿರೋ ನಮಗೆ ಒಂದು ವಿಶೇಷ ಅಪಾಯ ಇದೆ. ಊರಲ್ಲಾದ್ರೆ ಬಾನೆಟ್ ತೆಗೆದ ತಕ್ಷಣ ನಾಲ್ಕು ಜನ ಸೇರ್ತಾರೆ, ಪಕ್ಕದ ಮನೆಯವರು ಸಲಹೆ ಕೊಡೋಕೆ ಬಂದೇ ಬರ್ತಾರೆ. ಇಲ್ಲಿ ಎರಡನೇ ಬೇಸ್‌ಮೆಂಟಲ್ಲಿ ನಾವೊಬ್ಬರೇ. ಫೋನಿಗೆ ಸಿಗ್ನಲ್ ಕೂಡ ಇರಲ್ಲ. ಕೂಗಿದ್ರೂ ಯಾರಿಗೂ ಕೇಳಲ್ಲ. ಆದ್ದರಿಂದ ಕಾರಿನ ಕೆಳಗೆ ಹೋಗೋ ಕೆಲಸ ಇದ್ದ ದಿನ ಒಬ್ಬರನ್ನ ಜೊತೆಗೆ ಕೂರಿಸ್ಕೊಳ್ಳಿ, ರೂಮ್‌ಮೇಟ್ ಆಗಲಿ, ಹೆಂಡತಿ ಆಗಲಿ, ಗಂಡ ಆಗಲಿ. ಜ್ಯಾಕ್ ಎಲ್ಲಿ ಇಡಬೇಕು, ಹೇಗೆ ಪಂಪ್ ಮಾಡಬೇಕು ಅಂತ ಅವರಿಗೂ ಮೊದಲೇ ತೋರಿಸಿಕೊಡಿ. ಏನಾದ್ರೂ ಆದ್ರೆ ಕಾರನ್ನ ಎತ್ತಬೇಕಾದವರು ಅವರೇ. ಯಾರೂ ಸಿಗಲಿಲ್ಲ ಅಂದ್ರೆ ಆಯಿಲ್ ಇನ್ನೊಂದು ವಾರ ಇರಲಿ, ಏನೂ ಆಗಲ್ಲ.

ಕಾರು ಇಷ್ಟು ಗಟ್ಟಿಯಾಗಿ ನಿಲ್ಲೋದನ್ನ ಕಲಿತ ಮೇಲೆ ಉಳಿದ ಕೆಲಸ ಸುಲಭ. ಮುಂದಿನ ವಾರ ಇದೇ ಸ್ಥಿತಿಯಲ್ಲಿ ಚಕ್ರ ಬಿಚ್ಚಿ, ಮುಂದಿನ ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ ಅಂತ ಅಳೆಯೋದು ನೋಡೋಣ. ಅಷ್ಟರಲ್ಲಿ ಟೇಪ್ ತಗೊಂಡು ನಿಮ್ಮ ಕಾರಿನ ಆ ಮೂರು ಅಳತೆ ಬರೆದಿಟ್ಕೊಳ್ಳಿ.